ಇನ್‌ಬಾಕ್ಸ್ ತುಂಬಿ ಮಂಡೆಬಿಸಿಯೇ? ಕಚೇರಿ ಇ-ಮೇಲ್ ನಿಭಾಯಿಸುವ ಕ್ರಮ ಹೀಗಿದೆ

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿರುವ ಹೊಸೂರು, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕೈಗಾರಿಕಾ ನಗರ. ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೋಟಾರ್, ಟೈಟಾನ್ ಕಾರ್ಖಾನೆಗಳು ಇಲ್ಲಿವೆ. ಸುತ್ತಮುತ್ತ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳಿವೆ. ಹೊಸೂರಿನ ಗುಲಾಬಿ, ಕೃಷ್ಣಗಿರಿಯ ಮಾವಿನ ತಿರುಳು ವಿದೇಶಕ್ಕೂ ಹೋಗುತ್ತವೆ.

ಇಂತಹ ಊರಿನ ಕಚೇರಿಗಳಲ್ಲಿ ಮಾತುಕತೆ ಕನ್ನಡ, ತಮಿಳು, ತೆಲುಗಿನಲ್ಲಿ ನಡೆದರೂ ಆರ್ಡರ್, ದರಪಟ್ಟಿ, ಡ್ರಾಯಿಂಗ್, ಬಿಲ್ಲು ಎಲ್ಲವೂ ಮೇಲ್‌ನಲ್ಲೇ ಓಡಾಡುತ್ತವೆ. ಆರ್ಡರಿನ ಸಂಖ್ಯೆ ಬದಲಾಗಿದೆ ಎಂಬ ಒಂದು ಮೇಲ್ ಕಣ್ತಪ್ಪಿದರೆ ತಪ್ಪು ಮಾಲು ತಯಾರಾಗುತ್ತದೆ. ಆಮೇಲೆ 'ಮೇಲ್ ನೋಡ್ಲಿಲ್ಲ ಸರ್' ಅಂದರೆ ಯಾರೂ ಕೇಳುವುದಿಲ್ಲ. ಊರು ಬಿಟ್ಟು ಇಂತಹ ಕಡೆ ಕೆಲಸಕ್ಕೆ ಸೇರುವ ಯುವಕರು ಮೊದಲು ಕಲಿಯಬೇಕಾದ ವಿದ್ಯೆಗಳಲ್ಲಿ ಇದೂ ಒಂದು.

ಹೊತ್ತು ನಿಗದಿ ಮಾಡಿ

ಪ್ರತಿ 'ಟಿಂಗ್' ಸದ್ದಿಗೂ ಮೇಲ್ ತೆರೆದರೆ ಕೈಯಲ್ಲಿದ್ದ ಕೆಲಸ ಕೆಡುತ್ತದೆ. ಬೆಳಗ್ಗೆ, ಊಟದ ನಂತರ, ಕಚೇರಿ ಬಿಡುವ ಒಂದು ಗಂಟೆ ಮೊದಲು ಹೀಗೆ ಮೂರು ಹೊತ್ತು ಇಟ್ಟುಕೊಳ್ಳಬಹುದು. ಆರ್ಡರ್, ಡಿಸ್ಪ್ಯಾಚ್ ವಿಭಾಗದವರಿಗೆ ಗಂಟೆಗೊಮ್ಮೆ ಬೇಕಾದೀತು. ತೀರಾ ತುರ್ತಿದ್ದರೆ ಫೋನ್ ಮಾಡಿ ಎಂದು ಸಹೋದ್ಯೋಗಿಗಳಿಗೆ ಮೊದಲೇ ಹೇಳಿಡಿ.

ತೆರೆದ ಮೇಲ್‌ಗೆ ಒಂದು ತೀರ್ಮಾನ

ಓದಿ, ಮುಚ್ಚಿ, ಸಂಜೆ ಪುನಃ ಓದುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ತೆರೆದ ಕೂಡಲೇ ನಾಲ್ಕರಲ್ಲಿ ಒಂದು ಮಾಡಿ:

• ಎರಡು ನಿಮಿಷದಲ್ಲಿ ಮುಗಿಯುವುದಾದರೆ ಆಗಲೇ ಉತ್ತರಿಸಿ.
• ಬೇರೆಯವರ ಕೆಲಸವಾದರೆ ಅವರಿಗೆ ಕಳುಹಿಸಿ, ಯಾವಾಗ ಬೇಕೆಂದು ಬರೆಯಿರಿ.
• ಹೆಚ್ಚು ಸಮಯ ಬೇಕಿದ್ದರೆ 'ಸ್ನೂಝ್' ಮಾಡಿ ಅಥವಾ ಫ್ಲ್ಯಾಗ್ ಹಾಕಿ, ಕೆಲಸದ ಪಟ್ಟಿಗೆ ಸೇರಿಸಿ.
• ಮುಗಿದದ್ದನ್ನು 'ಆರ್ಕೈವ್' ಮಾಡಿ.

ಆರ್ಕೈವ್ ಮಾಡಿದ ಮೇಲ್ ಅಳಿಯುವುದಿಲ್ಲ, ಹುಡುಕಿದರೆ ಸಿಗುತ್ತದೆ. ಡಿಲೀಟ್ ಮಾಡಿದ್ದು ಜಿಮೇಲ್‌ನಲ್ಲಿ 30 ದಿನಗಳ ನಂತರ ಶಾಶ್ವತವಾಗಿ ಹೋಗುತ್ತದೆ. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ವಿದ್ಯುನ್ಮಾನ ದಾಖಲೆಗೂ ಕಾನೂನಿನ ಮಾನ್ಯತೆಯಿದೆ. ಹಾಗಾಗಿ ಆರ್ಡರ್, ದರ, ಪಾವತಿಯ ಮೇಲ್‌ಗಳನ್ನು ಅಳಿಸಬೇಡಿ. ನಾಳೆ ಬಾಕಿ ಹಣದ ತಕರಾರು ಬಂದರೆ ಅವು ನೆರವಿಗೆ ಬರುತ್ತವೆ.

ವಿಂಗಡಣೆ ಯಂತ್ರಕ್ಕೆ ಬಿಡಿ

ಜಿಮೇಲ್‌ನಲ್ಲಿ 'ಫಿಲ್ಟರ್', ಔಟ್‌ಲುಕ್‌ನಲ್ಲಿ 'ರೂಲ್ಸ್' ಇವೆ. ದೊಡ್ಡ ಗ್ರಾಹಕರ ಮೇಲ್‌ಗೆ ಒಂದು ಲೇಬಲ್, ಸಾರಿಗೆಯವರಿಗೆ ಒಂದು, ಬ್ಯಾಂಕಿಗೆ ಒಂದು ಹೀಗೆ ಒಮ್ಮೆ ಹೊಂದಿಸಿದರೆ ಮುಂದೆ ತಾನಾಗಿಯೇ ವಿಂಗಡಣೆಯಾಗುತ್ತದೆ. ಲೇಬಲ್ ಐದಾರು ಸಾಕು. ಪರಿಚಿತ ಕಂಪೆನಿಗಳ ಬೇಡದ ಜಾಹೀರಾತಿಗೆ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಗುರುತಿಲ್ಲದವರಿಂದ ಬಂದದ್ದಾದರೆ ಒಳಗಿನ ಕೊಂಡಿ ಮುಟ್ಟದೆ ಸ್ಪ್ಯಾಮ್‌ಗೆ ಹಾಕಿ.

ಬರೆಯುವಾಗಲೂ ಕಾಳಜಿ

ಇಂಗ್ಲಿಷ್ ತಪ್ಪಾದೀತು ಎಂಬ ಹೆದರಿಕೆಯಿಂದ ಉತ್ತರ ತಡಮಾಡುವವರಿದ್ದಾರೆ. ಉದ್ದ ಬರೆಯಬೇಕಿಲ್ಲ, ಏನು ಬೇಕು, ಎಷ್ಟು, ಯಾವಾಗ, ಈ ಮೂರು ಸಾಲು ಸಾಕು. ವಿಷಯದ ಸಾಲಿನಲ್ಲಿ ಆರ್ಡರ್ ಸಂಖ್ಯೆ ಇರಲಿ. 'ರಿಪ್ಲೈ ಆಲ್' ಒತ್ತುವ ಮೊದಲು ಎಲ್ಲರಿಗೂ ಬೇಕೇ ಎಂದು ನೋಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಅನ್‌ಡೂ ಸೆಂಡ್' ಅವಧಿಯನ್ನು 30 ಸೆಕೆಂಡಿಗೆ ಏರಿಸಿಟ್ಟರೆ ಅವಸರದಲ್ಲಿ ಕಳುಹಿಸಿದ್ದನ್ನು ತಡೆಯಬಹುದು.

ಖಾತೆ ಬದಲಾಗಿದೆ ಎಂದರೆ ಎಚ್ಚರ

ತುಂಬಿದ ಇನ್‌ಬಾಕ್ಸ್ ವಂಚಕರಿಗೆ ಅನುಕೂಲ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇದಕ್ಕೆ ಹಾಕಿ' ಎಂಬ ಮೇಲ್ ಪರಿಚಿತ ಹೆಸರಿನಲ್ಲೇ ಬರುತ್ತದೆ. ವಿಳಾಸದಲ್ಲಿ ಒಂದಕ್ಷರ ಮಾತ್ರ ವ್ಯತ್ಯಾಸವಿರಬಹುದು. ಕೆಲವೊಮ್ಮೆ ಅದೂ ಇರುವುದಿಲ್ಲ, ಖಾತೆಯೇ ಹ್ಯಾಕ್ ಆಗಿರುತ್ತದೆ. ಆ ಮೇಲ್‌ನಲ್ಲಿರುವ ನಂಬರ್ ಬಿಟ್ಟು, ಮೊದಲಿನಿಂದ ನಿಮ್ಮಲ್ಲಿರುವ ನಂಬರಿಗೆ ಕರೆ ಮಾಡಿ ಖಚಿತಪಡಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎರಡು ಹಂತದ ಪರಿಶೀಲನೆ ಇಂದೇ ಆನ್ ಮಾಡಿಕೊಳ್ಳಿ.

ಈಗಾಗಲೇ ಸಾವಿರಾರು ಮೇಲ್ ಬಾಕಿ ಇರುವವರು ಒಂದೊಂದಾಗಿ ಓದುತ್ತ ಕೂರಬೇಕಿಲ್ಲ. ಕಳೆದ ಎರಡು ವಾರದ್ದನ್ನು ಮಾತ್ರ ನೋಡಿ. ಅದಕ್ಕಿಂತ ಹಳೆಯದರಲ್ಲಿ ಬಾಕಿ ಆರ್ಡರ್, ಬಿಲ್ಲು ಇದೆಯೇ ಎಂದು ಹುಡುಕಿ, ಉಳಿದದ್ದನ್ನು ಒಟ್ಟಿಗೆ ಆರ್ಕೈವ್ ಮಾಡಿ, ನಾಳೆಯಿಂದ ಹೊಸ ಕ್ರಮ ಶುರುಮಾಡಿ.