ಹೆರ್ಮೆಸ್: ಒಂದು ನಾಮದ ಎರಡು ಪ್ರಸಂಗಗಳು

ಲುಸ್ತ್ರ ಪಟ್ಟಣದಲ್ಲಿ ಹುಟ್ಟುಕುಂಟನೊಬ್ಬನು ಎದ್ದು ನಡೆದಾಗ ಜನರು ಬಾರ್ನಬನನ್ನು ಜೀಯಸ್ ದೇವನೆಂದೂ, ಮುಖ್ಯ ಭಾಷಣಕಾರನಾದ ಪೌಲನನ್ನು ಹೆರ್ಮೆಸ್ ಎಂದೂ ಕರೆದರು (ಪ್ರೇ.ಕಾ. 14:12). ಗ್ರೀಕ್ ಪುರಾಣದಲ್ಲಿ ಹೆರ್ಮೆಸನು ದೇವದೂತ, ವಾಕ್ಚಾತುರ್ಯದ ಅಧಿದೇವತೆ. ಪ್ರೇಷಿತರಿಬ್ಬರೂ ಬಟ್ಟೆ ಹರಿದುಕೊಂಡು ಪ್ರತಿಭಟಿಸಿದರು. ಅದೇ ಪೌಲನು ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ಹೆರ್ಮೆಸ್ ಎಂಬ ವಿಶ್ವಾಸಿಗೆ ವಂದನೆ ತಿಳಿಸುತ್ತಾನೆ (16:14). ಹೆಸರನ್ನು ಬದಲಿಸಿಕೊಳ್ಳೆಂಬ ಸೂಚನೆ ಅಲ್ಲಿಲ್ಲ. ಆ ಅಧ್ಯಾಯದಲ್ಲೇ ಬರುವ ನೇರೆಯುಸ್ ಎಂಬುದು ಕಡಲದೇವತೆಯ ಹೆಸರು. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯದು, 'ಬೆಳಗುವವಳು' ಎಂಬರ್ಥದ, ಟೈಟನ್ ಕುಲದ ದೇವಿಯ ಹೆಸರು.

ಹೆರ್ಮೆಸ್ ಎಂಬುದು ರೋಮಿನ ಗುಲಾಮರಲ್ಲಿ ಅತಿ ಸಾಮಾನ್ಯವಾಗಿತ್ತು. ಗುಲಾಮನಿಗೆ ಹೆಸರಿಡುತ್ತಿದ್ದವನು ಬಹುಮಟ್ಟಿಗೆ ಒಡೆಯನೇ; ಅದರಲ್ಲಿ ಗುಲಾಮನ ಭಕ್ತಿಯನ್ನು ಅರಸುವುದು ವ್ಯರ್ಥ. ಲುಸ್ತ್ರದಲ್ಲಿ ಆ ನಾಮದ ಹಿಂದೆ ಬಲಿಯ ಹೋರಿಗಳಿದ್ದವು. ರೋಮಿನಲ್ಲಿ ಒಬ್ಬ ಮನುಷ್ಯನಿದ್ದನು.

533ರಲ್ಲಿ ಪೋಪ್ ಪದವಿಗೇರಿದ ಮೆರ್ಕ್ಯೂರಿಯಸರು, ಅದು ಹೆರ್ಮೆಸನ ರೋಮನ್ ಹೆಸರಾದ್ದರಿಂದ, ಎರಡನೆಯ ಜಾನ್ ಎಂದು ಕರೆಸಿಕೊಂಡರು. ಇದನ್ನೇ ನಾವು ಪಾಠದಲ್ಲಿ ಹೇಳುತ್ತೇವೆ. ಅದಕ್ಕೆ ಮುಂಚೆ ಅವರು ಅದೇ ಹೆಸರಿನಿಂದ ಗುರುಗಳಾಗಿ ಬಲಿಪೂಜೆ ಅರ್ಪಿಸಿದ್ದರೆಂಬುದನ್ನು ಮಾತ್ರ ಹೇಳುವುದಿಲ್ಲ. ರೋಮಿನ ಸಂತ ಕ್ಲೆಮೆಂಟರ ದೇವಾಲಯದ ಶಾಸನ ಇಂದಿಗೂ ಅದನ್ನು ಹೇಳುತ್ತಿದೆ.

1983ರ ಧರ್ಮಸಭಾ ಕಾನೂನಿನ 855ನೆಯ ವಿಧಿಯು ಕ್ರೈಸ್ತ ಭಾವನೆಗೆ ಪರಕೀಯವಾದ ಹೆಸರನ್ನು ಇಡದಂತೆ ನೋಡಿಕೊಳ್ಳಲು ಹೇಳುತ್ತದೆ, ಅಷ್ಟೇ. ಆದರೂ ಮಗಳಿಗೆ ಉಷಾ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಬೇಡಿ ಬಂದ ತಾಯಿತಂದೆಯರನ್ನು ನಾವೇ ಒಮ್ಮೆ ಸಂತರ ಪಟ್ಟಿ ಕೊಟ್ಟು ಹಿಂದಕ್ಕೆ ಕಳುಹಿಸಿದ್ದುಂಟು. ಆ ಪಟ್ಟಿಯಲ್ಲಿ ಫೊಯಿಬೆಯ ಹೆಸರೂ ಇತ್ತು.