ಎಬೊ ಕಾಡಿನ ಚಿಂಪಾಂಜಿಗಳು: ಗೂಡುಗಳ ಲೆಕ್ಕಕ್ಕೆ ಸಿಗದ ನಷ್ಟ

ಕ್ಯಾಮರೂನಿನ ಬಂದರು ನಗರ ದುವಾಲಾದಿಂದ ಈಶಾನ್ಯಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಎಬೊ ಎಂಬ ಮಳೆಕಾಡಿದೆ. ವಿಸ್ತಾರ ಸುಮಾರು 1,500 ಚದರ ಕಿ.ಮೀ. ಇದನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಸರ್ಕಾರಿ ಪ್ರಕ್ರಿಯೆ ಈ ಶತಮಾನದ ಮೊದಲ ದಶಕದಲ್ಲೇ ಶುರುವಾಯಿತು, ಆದರೆ ಮುಗಿಯಲಿಲ್ಲ. ಕಾಡು ‘ಪ್ರಸ್ತಾವಿತ’ ಉದ್ಯಾನವಾಗಿಯೇ ಉಳಿಯಿತು. ಇಲ್ಲಿನ ಚಿಂಪಾಂಜಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಷ್ಟಿವೆ, ಎಷ್ಟು ಉಳಿದಾವು ಎಂಬಲ್ಲಿಂದ ಹೊರಡುತ್ತಾರೆ. ಸಂಖ್ಯೆ ಕುಸಿಯುವ ಮೊದಲೇ ಎಬೊದಲ್ಲಿ ಇನ್ನೊಂದು ಕಳೆದುಹೋಗಬಹುದು, ಅದು ತಾಯಿಯಿಂದ ಮರಿಗೆ ಇಳಿದು ಬಂದಿರುವ ಕಸುಬು ಎಂಬುದು ಈ ಟಿಪ್ಪಣಿಯ ವಾದ. ಬಳಕೆಯಲ್ಲಿರುವ ಗಣತಿ ವಿಧಾನಕ್ಕೆ ಆ ನಷ್ಟ ಕಾಣಿಸುವುದಿಲ್ಲ.

ಮೊದಲು ಕಸುಬಿನ ಮಾತು. ಕೂಲಾ ಎಡುಲಿಸ್ ಎಂಬ ಮರದ ಕಾಯಿಯ ಓಡು ಬಹಳ ಗಟ್ಟಿ. ಅದನ್ನು ಒಡೆದು ತಿರುಳು ತಿನ್ನುವ ಚಿಂಪಾಂಜಿಗಳು ಪಶ್ಚಿಮ ಆಫ್ರಿಕಾದಲ್ಲಿ, ಐವರಿ ಕೋಸ್ಟಿನ ಸಸಾಂಡ್ರಾ–ಎನ್‌ಜೊ ನದಿಗಳ ಪಶ್ಚಿಮಕ್ಕೆ ಮಾತ್ರ ಇವೆ ಎಂದು ಬಹುಕಾಲ ನಂಬಲಾಗಿತ್ತು. ನದಿ ದಾಟಲಾಗದ ಕಾರಣ ವಿದ್ಯೆಯೂ ದಾಟಲಿಲ್ಲ ಎಂಬ ವಿವರಣೆ ಸಂಸ್ಕೃತಿಯ ಚರ್ಚೆಗೆ ಬಹಳ ಅನುಕೂಲವಾಗಿತ್ತು. ಗ್ಯಾಬನ್‌ನ ಲೋಪೆಯಲ್ಲಿ ಕಾಯಿಯೂ ಇದೆ, ಕಲ್ಲೂ ಇದೆ, ಒಡೆಯುವ ಅಭ್ಯಾಸ ಮಾತ್ರ ಇಲ್ಲ ಎಂದು ವಿಲಿಯಂ ಮೆಕ್‌ಗ್ರೂ ಮತ್ತು ಸಹೋದ್ಯೋಗಿಗಳು 1997ರಲ್ಲಿ ತೋರಿಸಿದ್ದೂ ಇದಕ್ಕೆ ಪೂರಕವಾಗಿತ್ತು. 2006ರಲ್ಲಿ ಬೆಥಾನ್ ಮಾರ್ಗನ್ ಮತ್ತು ಎಕ್ವೋಗೆ ಅಬ್ವೆ ‘ಕರೆಂಟ್ ಬಯಾಲಜಿ’ಯಲ್ಲಿ ಪ್ರಕಟಿಸಿದ ಪುಟ್ಟ ವರದಿ ಈ ಗಡಿಯನ್ನು ಅಳಿಸಿತು. ಎಬೊದ ಚಿಂಪಾಂಜಿಗಳು ಕಲ್ಲಿನಿಂದ ಕೂಲಾ ಕಾಯಿ ಒಡೆಯುತ್ತಿದ್ದವು, ಅದೂ ಆ ನದಿಯಿಂದ 1,700 ಕಿ.ಮೀ. ಪೂರ್ವದಲ್ಲಿ. ಅಲ್ಲದೆ ಇವು ಕಡ್ಡಿ ತೂರಿಸಿ ಗೆದ್ದಲನ್ನೂ ಹಿಡಿಯುತ್ತವೆ. ಕಾಯಿ ಒಡೆಯುವುದು, ಗೆದ್ದಲು ಹಿಡಿಯುವುದು ಎರಡೂ ಒಂದೇ ಕಡೆ ಕಂಡದ್ದು ಎಬೊದ ವಿಶೇಷ. ಪಶ್ಚಿಮದ ಕಸುಬು ಇಲ್ಲಿಗೆ ಹೇಗೋ ಬಂತೋ, ಇಲ್ಲಿಯೇ ಸ್ವತಂತ್ರವಾಗಿ ಹುಟ್ಟಿತೋ? ಸ್ವತಂತ್ರ ಹುಟ್ಟೇ ಹೆಚ್ಚು ಸಂಭವನೀಯ ಎಂದು ನನಗೆ ತೋರುತ್ತದೆ, ಏಕೆಂದರೆ ನಡುವಿನ ಅಷ್ಟು ದೂರಕ್ಕೆ ಕೊಂಡಿಯಾಗಬಲ್ಲ ಇಂಥ ಬೇರೆ ಗುಂಪು ದಾಖಲಾಗಿಲ್ಲ. ಹಾಗಿದ್ದರೆ ಇದು ಇಲ್ಲಿ ಅಳಿದರೆ ಬೇರೆಲ್ಲಿಂದಲೂ ತಂದು ತುಂಬಲಾಗದ ವಿದ್ಯೆ.

ಎಬೊದ ಪ್ರಾಣಿಗಳು ನೈಜೀರಿಯಾ–ಕ್ಯಾಮರೂನ್ ಉಪಪ್ರಭೇದಕ್ಕೆ (ಪ್ಯಾನ್ ಟ್ರೊಗ್ಲೊಡೈಟಿಸ್ ಎಲಿಯೊಟಿ) ಸೇರಿದವು. ಚಿಂಪಾಂಜಿಯ ನಾಲ್ಕು ಉಪಪ್ರಭೇದಗಳಲ್ಲಿ ಸಂಖ್ಯೆಯಲ್ಲಿ ಅತ್ಯಂತ ಚಿಕ್ಕದು ಇದೇ. ಒಟ್ಟು 9,000ದ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಎಂಬುದು ಸಾಮಾನ್ಯ ಅಂದಾಜು. ದಕ್ಷಿಣದ ಎಲ್ಲೆ ಸನಾಗಾ ನದಿ. ಅದರಾಚೆ ಇರುವುದು ಮಧ್ಯ ಆಫ್ರಿಕಾದ ಉಪಪ್ರಭೇದ. ಈ ಉಪಪ್ರಭೇದಕ್ಕಾಗಿಯೇ 2011ರಲ್ಲಿ ಸಿದ್ಧವಾದ ಪ್ರಾದೇಶಿಕ ಸಂರಕ್ಷಣಾ ಯೋಜನೆ ಎಬೊವನ್ನು ಪ್ರಮುಖ ನೆಲೆಗಳ ಸಾಲಿನಲ್ಲಿಟ್ಟಿತು. ಕಾಡಿನಲ್ಲಿ ಒಟ್ಟು ಹನ್ನೊಂದು ಜಾತಿಯ ಪ್ರೈಮೇಟ್‌ಗಳಿವೆ. 2002ರಲ್ಲಷ್ಟೇ ವಿಜ್ಞಾನದ ಗಮನಕ್ಕೆ ಬಂದ, ಇಪ್ಪತ್ತೈದರ ಸುಮಾರಿನ ಗೊರಿಲ್ಲಾಗಳ ಗುಂಪೊಂದೂ ಅದರಲ್ಲಿ ಸೇರಿದೆ.

ಇಂಥ ಕಡೆ ಚಿಂಪಾಂಜಿಗಳನ್ನು ಎಣಿಸುವುದು ಅವು ಮಲಗುವ ಗೂಡುಗಳಿಂದ. ಎಬೊದ ಪ್ರಾಣಿಗಳು ಮನುಷ್ಯರಿಗೆ ಒಗ್ಗಿದವಲ್ಲ. ಎದುರು ನಿಂತು ನೋಡುವ ಅವಕಾಶ ಅಪರೂಪ. ಬೆಳೆದ ಪ್ರತಿ ಚಿಂಪಾಂಜಿಯೂ ರಾತ್ರಿಗೊಂದು ಹೊಸ ಗೂಡು ಹೆಣೆಯುತ್ತದೆ. ಸಮೀಕ್ಷಕರು ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆದು ಕಂಡ ಗೂಡುಗಳನ್ನೂ ಅವುಗಳ ದೂರವನ್ನೂ ಬರೆದುಕೊಳ್ಳುತ್ತಾರೆ. ಗೂಡು ಎಷ್ಟು ದಿನಕ್ಕೆ ಕೊಳೆತು ಮರೆಯಾಗುತ್ತದೆ ಎಂಬುದರಿಂದ ಭಾಗಿಸಿ ಸಾಂದ್ರತೆ ಪಡೆಯುತ್ತಾರೆ. ಕೊಳೆಯುವ ವೇಗ ಮಳೆಗೆ, ಮರದ ಜಾತಿಗೆ ತಕ್ಕಂತೆ ಬದಲಾಗುವುದರಿಂದ ಅಂದಾಜಿನ ಮೇಲು ಕೆಳಗಿನ ಮಿತಿಗಳ ನಡುವೆ ದೊಡ್ಡ ಅಂತರ ಉಳಿಯುತ್ತದೆ. ವಿಧಾನವನ್ನು ಹಳಿಯುತ್ತಿಲ್ಲ, ಇದಕ್ಕಿಂತ ಮೇಲಾದದ್ದು ಸುಲಭಕ್ಕೆ ಸಿಗದು. ಆದರೆ ಗೂಡು ಕಟ್ಟುವುದು ಹಾಲು ಬಿಟ್ಟ ಪ್ರಾಣಿಗಳು ಮಾತ್ರ. ಮರಿಗಳು ನಾಲ್ಕೈದು ವರ್ಷ ತಾಯಿಯ ಗೂಡಿನಲ್ಲೇ ಮಲಗುತ್ತವೆ, ಲೆಕ್ಕಕ್ಕೆ ಬರುವುದಿಲ್ಲ.

ಈ ವಿವರ ಇಲ್ಲಿ ಮುಖ್ಯವಾಗಲು ಕಾರಣವಿದೆ. ಗಿನಿ ದೇಶದ ಬೊಸ್ಸುವಿನಲ್ಲಿ ತೆತ್ಸುರೊ ಮತ್ಸುಜಾವಾ ಮತ್ತು ಜೊತೆಗಾರರು ಕಂಡಂತೆ, ಮರಿಗಳು ಕಾಯಿ ಒಡೆಯಲು ಕಲಿಯುವುದು ಮೂರರಿಂದ ಐದು ವರ್ಷದ ಹೊತ್ತಿಗೆ. ಏಳರ ಸುಮಾರಿಗೆ ಕಲಿಯದಿದ್ದರೆ ಮುಂದೆ ಕಲಿಯುವುದು ಅಪರೂಪ. ತಾಯಿಯ ಪಕ್ಕದಲ್ಲಿ ಕುಳಿತು, ವರ್ಷಗಟ್ಟಲೆ ನೋಡಿ, ತಾನೂ ಸುಮ್ಮನೆ ಕುಟ್ಟಿ ಕುಟ್ಟಿ ಕಲಿಯುವ ಪಾಠ ಅದು. ಅಂದರೆ ಗಣತಿಯಿಂದ ಹೊರಗುಳಿಯುವ ವಯಸ್ಸೂ ಕಸುಬು ಕಲಿಯುವ ವಯಸ್ಸೂ ಬಹುಮಟ್ಟಿಗೆ ಒಂದೇ. ಹೆಣ್ಣು ಚಿಂಪಾಂಜಿ ಎರಡು ಹೆರಿಗೆಗಳ ನಡುವೆ ಐದಾರು ವರ್ಷ ಬಿಡುತ್ತದೆ. ಬಲ್ಲ ತಾಯಿಯೊಂದು ಕೋವಿಗೆ ಬಲಿಯಾದರೆ ಗೂಡಿನ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ, ಅಂದಾಜಿನ ಅನಿಶ್ಚಿತತೆಯಲ್ಲಿ ಅದೂ ಕರಗಿಹೋಗುತ್ತದೆ.

2019ರಲ್ಲಿ ಹ್ಯಾಲ್ಮರ್ ಕ್ಯೂಲ್ ನೇತೃತ್ವದ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಆಫ್ರಿಕಾದ 144 ಚಿಂಪಾಂಜಿ ಸಮುದಾಯಗಳ 31 ವರ್ತನೆಗಳನ್ನು ಹೋಲಿಸಿತು. ಮನುಷ್ಯನ ಒತ್ತಡ ಅತಿ ಹೆಚ್ಚಿರುವಲ್ಲಿ, ಅತಿ ಕಡಿಮೆ ಇರುವ ಕಡೆಗಿಂತ ಒಂದು ವರ್ತನೆ ಕಾಣಸಿಗುವ ಸಂಭವ ಸರಾಸರಿ ಶೇ. 88ರಷ್ಟು ಕಡಿಮೆ ಎಂಬುದು ಫಲಿತಾಂಶ. ಇದು ಹಲವು ನೆಲೆಗಳ ಹೋಲಿಕೆಯೇ ಹೊರತು ಒಂದೇ ಗುಂಪನ್ನು ಕಾಲದುದ್ದಕ್ಕೂ ಹಿಂಬಾಲಿಸಿದ್ದಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೂ ಎಬೊಗೆ ಇದನ್ನು ಎಚ್ಚರಿಕೆಯಾಗಿ ಓದದಿರಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು ಅಪಾಯ. ಕ್ಯಾಮರೂನಿನ ಕಾನೂನು ಚಿಂಪಾಂಜಿಗೆ ಸಂಪೂರ್ಣ ರಕ್ಷಣೆ ಕೊಡುತ್ತದೆ. ಹೀಗಿದ್ದೂ ಕೋವಿ ಮತ್ತು ತಂತಿ ಉರುಳು ಕಾಡಿನಲ್ಲಿವೆ, ಕಾಡುಮಾಂಸಕ್ಕೆ ದುವಾಲಾದಂಥ ಮಾರುಕಟ್ಟೆ ಹತ್ತಿರದಲ್ಲಿದೆ. ಉರುಳು ಜಿಂಕೆಗೆಂದೇ ಕಟ್ಟಿದ್ದು, ಸಿಕ್ಕಿಬಿದ್ದ ಚಿಂಪಾಂಜಿ ಕೈಯನ್ನೋ ಬೆರಳನ್ನೋ ಕಳೆದುಕೊಳ್ಳುತ್ತದೆ. ಕಲ್ಲು ಹಿಡಿಯಬೇಕಾದ್ದು ಅದೇ ಕೈ. ನಾಟಾ ಕಡಿತದ ವಿಷಯದಲ್ಲಿ ಸಾಕ್ಷ್ಯ ಒಂದೇ ದಿಕ್ಕಿಗಿಲ್ಲ. ಲೋಪೆಯಲ್ಲಿ ಲೀ ವೈಟ್ ಮತ್ತು ಕ್ಯಾರೊಲಿನ್ ಟುಟಿನ್, ಕಡಿತದ ನಂತರ ಗೊರಿಲ್ಲಾಗಳಿಗಿಂತ ಚಿಂಪಾಂಜಿಗಳು ಹೆಚ್ಚು ಕುಸಿದದ್ದನ್ನು ಕಂಡರು. ಎಬ್ಬಿಸಿದ ಗುಂಪು ಪಕ್ಕದ ಗುಂಪಿನ ಸರಹದ್ದಿಗೆ ನುಗ್ಗಿ ಕಾದಾಡುವುದೇ ಕಾರಣ ಎಂದು ಊಹಿಸಿದರು. ಕಾಂಗೊ ಗಣರಾಜ್ಯದ ಗುವಾಲೂಗೊ ಪ್ರದೇಶದಲ್ಲಿ ಡೇವಿಡ್ ಮಾರ್ಗನ್ ಮತ್ತು ಕ್ರಿಕೆಟ್ ಸಾಂಜ್ ನಡೆಸಿದ ದೀರ್ಘ ಅಧ್ಯಯನವಾದರೋ, ಬೇಟೆ ಹತೋಟಿಯಲ್ಲಿದ್ದರೆ ಎಚ್ಚರದ ಕಡಿತದ ಕಾಡಿನಲ್ಲೂ ಚಿಂಪಾಂಜಿಗಳು ಉಳಿಯಬಲ್ಲವು ಎಂಬತ್ತ ತೋರುತ್ತದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ನಿರ್ಣಾಯಕವಾದದ್ದು ಬಿದ್ದ ಮರಗಳಿಗಿಂತ ಅವನ್ನು ಸಾಗಿಸಲು ತೆರೆದ ರಸ್ತೆ, ಮತ್ತು ಆ ರಸ್ತೆಯ ಬಾಯಲ್ಲಿ ಕಾವಲಿದೆಯೇ ಎಂಬುದು. ಉದ್ಯಾನವೂ ಆಗದ, ಬಿಗಿ ಷರತ್ತಿನ ಗುತ್ತಿಗೆಯೂ ಆಗದ ಕಾಡಿನಲ್ಲಿ ಆ ಕಾವಲು ಯಾರ ಕೆಲಸವೂ ಅಲ್ಲ.

ಎಬೊದ ನಾಟಾ ಗುತ್ತಿಗೆಯ ಸರ್ಕಾರಿ ಕಡತದ ಇತಿಹಾಸ ಚಿಕ್ಕದು. 2020ರ ಆರಂಭದಲ್ಲಿ ಅರಣ್ಯ ಸಚಿವಾಲಯ ಎಬೊವನ್ನು ಎರಡು ನಾಟಾ ಘಟಕಗಳಾಗಿ ಹಂಚಲು ಹೊರಟಿತು. ಎರಡೂ ಸೇರಿ ಸುಮಾರು 1,30,000 ಹೆಕ್ಟೇರ್, ಎಂದರೆ ಹೆಚ್ಚುಕಡಿಮೆ ಇಡೀ ಕಾಡು. ಅರವತ್ತಕ್ಕೂ ಹೆಚ್ಚು ಸಂರಕ್ಷಣಾ ತಜ್ಞರು ಸರ್ಕಾರಕ್ಕೆ ಪತ್ರ ಬರೆದರು. ಜುಲೈಯಲ್ಲಿ 68,385 ಹೆಕ್ಟೇರಿನ ಒಂದು ಘಟಕಕ್ಕೆ ಪ್ರಧಾನಿಯ ಆದೇಶ ಬಂತು, ಆಗಸ್ಟಿನಲ್ಲಿ ಅಧ್ಯಕ್ಷರ ಸೂಚನೆಯಂತೆ ರದ್ದಾಯಿತು. ನಟ ಲಿಯೊನಾರ್ಡೊ ಡಿಕ್ಯಾಪ್ರಿಯೊ ಆಗ ದನಿಯೆತ್ತಿದ್ದಕ್ಕೆ, ಎಬೊದಲ್ಲಿ ಸಿಕ್ಕ ಹೊಸ ಮರವೊಂದಕ್ಕೆ 2022ರಲ್ಲಿ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಉವೇರಿಯಾಪ್ಸಿಸ್ ಡಿಕ್ಯಾಪ್ರಿಯೊ ಎಂದು ಹೆಸರಿಟ್ಟರು.  2023ರ ಏಪ್ರಿಲ್‌ನಲ್ಲಿ ಅದೇ ಘಟಕವನ್ನು ಮತ್ತೆ ಉತ್ಪಾದನಾ ಅರಣ್ಯವೆಂದು ವರ್ಗೀಕರಿಸಲಾಯಿತು.

ಉದ್ಯಾನ ಘೋಷಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಅವಸರದ ತೀರ್ಮಾನ. ಬಾನೆನ್ ಸಮುದಾಯದ ಹಳ್ಳಿಗಳು ಒಂದು ಕಾಲಕ್ಕೆ ಈ ಕಾಡಿನೊಳಗೇ ಇದ್ದವು. 1960ರ ದಶಕದ ಆರಂಭದಲ್ಲಿ, ಯು.ಪಿ.ಸಿ. ಎಂಬ ಪಕ್ಷದ ಬಂಡಾಯವನ್ನು ಹತ್ತಿಕ್ಕುವಾಗ ಸರ್ಕಾರ ಅವರನ್ನು ಎಬ್ಬಿಸಿ ರಸ್ತೆಯಂಚಿನ ಊರುಗಳಿಗೆ ಸಾಗಿಸಿತು. ಹಿರಿಯರ ಸಮಾಧಿಗಳು ಒಳಗೇ ಉಳಿದವು. ಕಾಡಿನ ಸುತ್ತ ನಲವತ್ತಕ್ಕೂ ಹೆಚ್ಚು ಸಮುದಾಯಗಳಿವೆ. ನಾಟಾ ಗುತ್ತಿಗೆಯನ್ನು ಅವರಲ್ಲಿ ಹಲವರು ವಿರೋಧಿಸಿದ್ದು ಉದ್ಯಾನ ಬೇಕೆಂದಲ್ಲ, ನೆಲ ತಮ್ಮದೆಂದು. ಈ ವ್ಯತ್ಯಾಸವನ್ನು ಸಂರಕ್ಷಣಾ ವರದಿಗಳು ಹಲವು ಬಾರಿ ಮಸುಕಾಗಿಸಿವೆ. ಇನ್ನೊಂದೆಡೆ, ‘ಗೊರಿಲ್ಲಾಗಳ ಗೆಳೆಯರ ಬಳಗ’ಗಳಾಗಿ ಸಂಘಟಿತರಾದ ಹಳ್ಳಿಯವರೇ ಸರದಿಯ ಮೇಲೆ ಗೊರಿಲ್ಲಾ ನೆಲೆಯಲ್ಲಿ ಓಡಾಡಿ ಉರುಳು, ಗೂಡು, ಹೆಜ್ಜೆಗುರುತು ದಾಖಲಿಸುತ್ತ ಬಂದಿದ್ದಾರೆ. ಸಾಂಡಿಯಾಗೊ ಮೃಗಾಲಯ ಬೆಂಬಲಿಸಿದ ಎಬೊ ಸಂಶೋಧನಾ ಯೋಜನೆಯ ಗಟ್ಟಿ ಫಲ ಇದೇ ಎಂದು ನನ್ನ ಅಭಿಪ್ರಾಯ.

ಕಸುಬಿನ ದಾಖಲೆಗೂ ಅವರೇ ತಕ್ಕವರು. ಕೂಲಾ ಕಾಯಿಯನ್ನು ಆ ಭಾಗದ ಜನರೂ ತಿನ್ನುತ್ತಾರೆ, ಮರಗಳು ಎಲ್ಲಿವೆ ಎಂದು ಅವರಿಗೆ ಗೊತ್ತು. ಗೂಡಿನ ಸಮೀಕ್ಷೆಯ ಜೊತೆಗೇ ಕೂಲಾ ಮರಗಳ ಗುರುತು, ಒಡೆದ ಓಡಿನ ರಾಶಿ, ಸವೆದ ಕಲ್ಲು, ಅಲ್ಲಿ ಹಿಂದಿನ ವರ್ಷ ಬಳಕೆಯಿದ್ದು ಈ ವರ್ಷ ಇಲ್ಲವೇ ಎಂಬ ಟಿಪ್ಪಣಿ ಸೇರಬೇಕು. ಆಯ್ದ ಮರಗಳ ಬುಡದಲ್ಲಿ ಕ್ಯಾಮೆರಾ ಇಟ್ಟರೆ ಒಡೆಯುವವರ ಪಕ್ಕದಲ್ಲಿ ಮರಿಗಳಿವೆಯೇ ಎಂಬುದೂ ತಿಳಿಯುತ್ತದೆ. ಈ ಕೆಲಸ 68,385 ಹೆಕ್ಟೇರಿನ ಘಟಕದ ಒಳಗೆ, ಕಡಿಯುವ ಮರಗಳಿಗೆ ಗುರುತು ಬೀಳುವ ಮುನ್ನ ಆಗಬೇಕು. ಆಮೇಲೆ ಮಾಡಿದರೆ ಹೋಲಿಸಲು ಮೊದಲಿನ ಸ್ಥಿತಿಯ ದಾಖಲೆಯೇ ಇರುವುದಿಲ್ಲ.