ಗಾಳದ ವಿದ್ಯೆ ಬೆಳೆದು ಬಂದ ಬಗೆ

ದಕ್ಷಿಣ ಕನ್ನಡದ ಪೂರ್ವಭಾಗದಲ್ಲಿ ಘಟ್ಟದ ಬುಡವನ್ನು ಹೊಂದಿಕೊಂಡಿರುವ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳ ಜನಜೀವನವನ್ನು ಅರಿಯಬಯಸುವವನು ಅಡಕೆಯ ತೋಟಗಳನ್ನೂ ದೇವಾಲಯಗಳನ್ನೂ ನೋಡಿ ಹಿಂದಿರುಗಿದರೆ ಸಾಲದು. ಅಲ್ಲಿಯ ಹೊಳೆಗಳ ದಡದಲ್ಲಿ ಒಂದೆರಡು ಸಂಜೆಗಳನ್ನಾದರೂ ಕಳೆಯಬೇಕು. ಕುಮಾರಪರ್ವತದ ಸೀಮೆಯಲ್ಲಿ ಹುಟ್ಟಿ ಸುಬ್ರಹ್ಮಣ್ಯ ಕ್ಷೇತ್ರವನ್ನು ಬಳಸಿಕೊಂಡು ಇಳಿದು ಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕೊಡಗಿನಿಂದ ಇಳಿಯುವ ಪಯಸ್ವಿನಿಯು ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು ಕಾಸರಗೋಡಿನ ಕಡೆಗೆ ಹೊರಳಿ ಚಂದ್ರಗಿರಿಯೆಂಬ ಹೆಸರನ್ನು ತಾಳುತ್ತದೆ. ಈ ಹೊಳೆಗಳ ಗುಂಡಿಗಳ ಬಳಿ ಗಾಳ ಹಿಡಿದು ಕುಳಿತವರಲ್ಲಿ ತಲೆಮಾರುಗಳಿಂದ ನಡೆದು ಬಂದ ಒಂದು ವಿದ್ಯೆ ಉಂಟು. ಯಾವ ಮೀನು ಯಾವ ಮಾಸದಲ್ಲಿ ಯಾವ ನೀರಿನಲ್ಲಿ ನಿಲ್ಲುತ್ತದೆ, ಯಾವ ಇರೆಗೆ ಬಾಯಿ ಹಾಕುತ್ತದೆ, ಕಚ್ಚಿದ ಮೇಲೆ ಎಷ್ಟು ದಾರ ಬಿಡಬೇಕು ಎಂಬುದೆಲ್ಲ ಒಬ್ಬರಿಂದೊಬ್ಬರಿಗೆ ಮಾತಿನಲ್ಲಿಯೇ ಸಂದ ತಿಳಿವಳಿಕೆ. ಈ ಬಗೆಯ ಅನುಭವವು ನಮ್ಮ ನಾಡಿನಲ್ಲಿ ಹೇಗೆ ಸಂಗ್ರಹವಾಯಿತು, ಹೇಗೆ ಶಾಸ್ತ್ರವಾಯಿತು, ಕೊನೆಗೆ ಮೀನಿನ ರಕ್ಷಣೆಗೇ ಹೇಗೆ ಒದಗಿತು ಎಂಬುದನ್ನು ಸಮೀಕ್ಷಿಸುವುದು ಈ ಲೇಖನದ ಉದ್ದೇಶ.

ಗಾಳದ ವಿನೋದವು ಪಾಶ್ಚಾತ್ಯರಿಂದ ಬಂದದ್ದೆಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಗ್ರಂಥವನ್ನು ಜಗತ್ತಿನ ಗಾಳಗಾರರೆಲ್ಲರೂ ಮೂಲಗ್ರಂಥವೆಂದು ಗೌರವಿಸುವುದರಿಂದ ಈ ಭಾವನೆ ಇನ್ನಷ್ಟು ಬಲವಾಗಿದೆ. ಆದರೆ ವಾಲ್ಟನ್ನನಿಗಿಂತ ಐದು ಶತಮಾನಗಳ ಹಿಂದೆಯೇ, 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ವಿಶ್ವಕೋಶವಾದ ‘ಮಾನಸೋಲ್ಲಾಸ’ದಲ್ಲಿ ರಾಜಯೋಗ್ಯವಾದ ವಿನೋದಗಳನ್ನು ವಿವರಿಸುತ್ತ ‘ಮತ್ಸ್ಯವಿನೋದ’ಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟನು. ಸಮುದ್ರದ ಮೀನು ಯಾವುದು, ನದಿಯ ಮೀನು ಯಾವುದು, ಪೊರೆಯುಳ್ಳದ್ದು ಯಾವುದು, ಪೊರೆಯಿಲ್ಲದ್ದು ಯಾವುದು ಎಂಬ ವಿಂಗಡಣೆ, ಮೀನುಗಳಿಗೆ ಉಣಿಸಬೇಕಾದ ಆಹಾರ, ಕೋಲು, ದಾರ, ಕೊಕ್ಕೆಗಳ ಲಕ್ಷಣ ಇವೆಲ್ಲವೂ ಅಲ್ಲಿ ಕ್ರಮವಾಗಿ ನಿರೂಪಿತವಾಗಿವೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಆಧುನಿಕ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ವಿದ್ವಾಂಸರ ಗಮನಕ್ಕೆ ತಂದರು. ಕನ್ನಡ ನೆಲದ ಅರಸನೊಬ್ಬನು ಬೆಸ್ತರ ಬಾಯಿಯಿಂದಲೇ ಬಂದಿರಬೇಕಾದ ತಿಳಿವಳಿಕೆಯನ್ನು ಶ್ಲೋಕಗಳಿಗೆ ಏರಿಸಿದನೆಂಬುದು ನಾವು ಅಭಿಮಾನಪಡತಕ್ಕ ವಿಷಯ.

ಸೋಮೇಶ್ವರನ ಅನಂತರ ಏಳು ಶತಮಾನಗಳ ಕಾಲ ಈ ವಿದ್ಯೆಯು ಬಹುಮಟ್ಟಿಗೆ ಗ್ರಂಥದ ಆಶ್ರಯವಿಲ್ಲದೆ ದಡದ ಮಾತಿನಲ್ಲಿಯೇ ಬಾಳಿತು. ಅದು ಮತ್ತೆ ಗ್ರಂಥದಲ್ಲಿ ಕಾಣಿಸಿಕೊಂಡದ್ದು ನಮ್ಮ ಜಿಲ್ಲೆಯಲ್ಲಿಯೇ ಎಂಬುದು ಇಲ್ಲಿಯ ಬಹುಮಂದಿಗೆ ತಿಳಿಯದ ಸಂಗತಿ. ಮದರಾಸು ಸಿವಿಲ್ ಸರ್ವಿಸಿನ ಹೆನ್ರಿ ಸಲ್ಲಿವನ್ ಥಾಮಸ್ ಎಂಬವರು ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದಾಗ ಇಲ್ಲಿಯ ಹೊಳೆಗಳಲ್ಲಿ ಮೀನಿನ ಸಂತತಿ ಕ್ಷೀಣಿಸುತ್ತಿರುವುದನ್ನು ಕಂಡು, ಕಾರಣಗಳನ್ನು ಶೋಧಿಸಿ, 1870ರಲ್ಲಿ ಈ ಜಿಲ್ಲೆಯ ಮತ್ಸ್ಯಕೃಷಿಯನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದರು; ಮೂರು ವರ್ಷಗಳ ಬಳಿಕ, 1873ರಲ್ಲಿ, ‘ದಿ ರಾಡ್ ಇನ್ ಇಂಡಿಯಾ’ ಎಂಬ ಅವರ ಗ್ರಂಥವು ಮಂಗಳೂರಿನಲ್ಲಿ ಅಚ್ಚಾಯಿತು. ಭಾರತದ ಗಾಳಗಾರರು ಒಂದು ಶತಮಾನದವರೆಗೆ ಕೈಪಿಡಿಯೆಂದು ಬಳಸಿದ ಆ ಪುಸ್ತಕದ ಮೊದಲ ಆವೃತ್ತಿಯ ಹಿಂದೆ ಇದ್ದದ್ದು, ಪುತ್ತೂರನ್ನು ಕೇಂದ್ರವಾಗಿ ಉಳ್ಳ ಉಪ್ಪಿನಂಗಡಿ ತಾಲೂಕೆಂದು ಆಗ ಕರೆಯಲ್ಪಡುತ್ತಿದ್ದ ಸೀಮೆಯೂ ಸೇರಿದಂತೆ, ಈ ಜಿಲ್ಲೆಯ ನದಿಗಳ ಪರಿಚಯ.

ಥಾಮಸರ ನಾಯಕ ಮಹಶೀರ್. ನಮ್ಮವರು ಭಕ್ತಿಯಿಂದ ದೇವರ ಮೀನೆಂದು ಕರೆಯುವ ಆ ಬೃಹತ್ ಜಲಚರ. ಅದರ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ದಪ್ಪ ತುಟಿಗಳ ಆ ಬಾಯಿಯ ಹಿಡಿತವೋ ಸಾಮಾನ್ಯ ಕೊಕ್ಕೆಯನ್ನು ಅಪ್ಪಚ್ಚಿ ಮಾಡುವಷ್ಟು ಬಲಿಷ್ಠವಾದದ್ದು. ಇರೆಯನ್ನು ಕಚ್ಚಿದೊಡನೆ ಅದು ಪ್ರವಾಹದೊಂದಿಗೆ ಓಡುವ ಮೊದಲ ಓಟವು ಅನುಭವಿಯ ಕೈಯನ್ನೂ ನಡುಗಿಸತಕ್ಕದ್ದಾಗಿದ್ದು, ಆ ಕ್ಷಣದಲ್ಲಿ ಹಟದಿಂದ ಎಳೆದವನ ದಾರ ಹರಿಯುವುದೂ ತಾಳ್ಮೆಯಿಂದ ಬಿಟ್ಟವನ ಮೀನು ದಡಕ್ಕೆ ಬರುವುದೂ ನಿಶ್ಚಯ. ತನ್ನ ಗಾತ್ರಕ್ಕೆ ಯುರೋಪಿನ ಸಾಲ್ಮನ್ನಿಗಿಂತಲೂ ಹೆಚ್ಚಿನ ಸಾಮರ್ಥ್ಯ ಇದರದೆಂದು ಥಾಮಸರು ಸಾರಿದ ಮೇಲೆ ಈ ಮೀನಿನ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. ಆದರೆ ಅವರ ಗ್ರಂಥದ ನಿಜವಾದ ಹಿರಿಮೆ ಬೇಟೆಯ ವರ್ಣನೆಯಲ್ಲಿಲ್ಲ. ಮಳೆಗಾಲದ ನೆರೆಯಲ್ಲಿ ಮೀನು ಮೇಲ್ದಂಡೆಗೆ ಏರುವುದು, ಒಮ್ಮೆಗೇ ಅಲ್ಲದೆ ಕಂತುಕಂತಾಗಿ ಮೊಟ್ಟೆಯಿಡುವುದು, ಮರಿಗಳು ಕಿರುತೊರೆಗಳಲ್ಲಿ ಉಳಿಯುವುದು ಇತ್ಯಾದಿ ಸಂಗತಿಗಳನ್ನು ಗಾಳಗಾರನ ನೋಟದಿಂದ ಕಂಡು, ಪ್ರಕೃತಿಶಾಸ್ತ್ರಜ್ಞನ ಶ್ರದ್ಧೆಯಿಂದ ಬರೆದು, ಆ ಮೂಲಕ ಹೊಳೆಗೆ ವಿಷ ಹಾಕುವುದನ್ನೂ ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳನ್ನು ಸೂರೆಗೊಳ್ಳುವುದನ್ನೂ ಅವರು ಖಂಡಿಸಿದರು. ಹೀಗೆ ಬೇಟೆಯ ಸಲಹೆಯೂ ರಕ್ಷಣೆಯ ವಾದವೂ ಒಂದೇ ಹೊತ್ತಗೆಯಲ್ಲಿ ಜೊತೆಗೂಡಿದವು.

ಗ್ರಂಥವು 1881ರಲ್ಲಿ ಎರಡನೆಯ ಆವೃತ್ತಿಯನ್ನೂ 1897ರಲ್ಲಿ ಮೂರನೆಯದನ್ನೂ ಕಂಡಿತು. ಆ 1897ರಲ್ಲಿಯೇ ನೀರಿನಲ್ಲಿ ತೋಟೆ ಸಿಡಿಸುವುದನ್ನೂ ವಿಷ ಬೆರೆಸುವುದನ್ನೂ ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆ ಜಾರಿಗೆ ಬಂತು. 1883ರಲ್ಲಿ ಸ್ಥಾಪಿತವಾದ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕವು ಮುಂದೆ ಇಂಥ ಅನುಭವಿಗಳಿಗೆ ವೇದಿಕೆಯಾಯಿತು. ಅದೇ ಸಂಸ್ಥೆ 1948ರಲ್ಲಿ ಮ್ಯಾಕ್‌ಡೊನಾಲ್ಡರ ಮಹಶೀರ್ ಗ್ರಂಥವನ್ನು ಪ್ರಕಟಿಸಿತು. ಇಷ್ಟರಲ್ಲಿ ಗಾಳಗಾರರ ದೃಷ್ಟಿ ಪಶ್ಚಿಮದ ಹೊಳೆಗಳಿಂದ ಕಾವೇರಿಯ ಕಡೆಗೆ ಹೊರಳಿತ್ತು. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ದಾಖಲೆಯಾಗಿ ನಿಂತಿತು.

ಇದೇ ಕಾಲಾವಧಿಯಲ್ಲಿ ಅಮೆರಿಕದಲ್ಲಿ ಬ್ಯಾಸ್ ಎಂಬ ಮೀನಿನ ಸುತ್ತ ನಡೆದ ಬೆಳವಣಿಗೆಯನ್ನು ಇದರೊಡನೆ ಇಟ್ಟು ನೋಡುವುದು ಬೋಧಪ್ರದವಾದದ್ದು. ಥಾಮಸರ ಎರಡನೆಯ ಆವೃತ್ತಿ ಬಂದ 1881ರಲ್ಲಿಯೇ ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯರು ಕಪ್ಪು ಬ್ಯಾಸನ್ನು ಕುರಿತು ಮೊದಲ ಬೃಹದ್ಗ್ರಂಥವನ್ನು ಬರೆದರು. ಅಲ್ಲಿ ಆ ಪುಸ್ತಕವು ಜನಸಾಮಾನ್ಯರ ಕೈಸೇರಿತು. 1968ರಲ್ಲಿ ರೇ ಸ್ಕಾಟ್ ಎಂಬವರು ಬ್ಯಾಸ್ ಗಾಳಗಾರರ ಸಂಘವನ್ನು ಕಟ್ಟಿ, 1972ರಿಂದ ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಜೀವಸಹಿತ ನೀರಿಗೆ ಬಿಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಸಣ್ಣಪುಟ್ಟ ಊರುಗಳ ದುಡಿಯುವ ಜನರು ತಮ್ಮ ಕೆರೆಯ ನೀರು ಎಷ್ಟು ಬೆಚ್ಚಗಿದ್ದಾಗ ಮೀನು ಕಚ್ಚಿತು, ಯಾವ ಬಣ್ಣದ ಕೃತಕ ಇರೆಗೆ ಒಲಿಯಿತು ಎಂಬುದನ್ನು ಪರಸ್ಪರ ಹೇಳಿಕೊಂಡು, ಆ ಹೇಳಿಕೆಯಿಂದಲೇ ಕೆರೆಗಳ ಕಾವಲುಗಾರರಾದರು. ನಮ್ಮಲ್ಲಿ ಪುಸ್ತಕವು ಇಂಗ್ಲಿಷಿನಲ್ಲಿದ್ದುದರಿಂದ ಅದು ಅಧಿಕಾರಿಗಳ ಮತ್ತು ಪ್ಲಾಂಟರುಗಳ ಬಂಗಲೆಗಳಲ್ಲಿಯೇ ಉಳಿಯಿತು. ದಡದವನಿಗೆ ಅದು ಹಿಂದಿರುಗಿ ಬರಲಿಲ್ಲ.

ಸ್ವಾತಂತ್ರ್ಯಾನಂತರ ಮಹಶೀರ್ ಅಳಿದೇ ಹೋಯಿತೆಂದು ಹಲವರು ಭಾವಿಸಿದ್ದ ಸಮಯದಲ್ಲಿ, 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಬಂದ ಮೂವರು ಯುವಕರು ಕಾವೇರಿಯ ಕಾಡುಭಾಗದಲ್ಲಿ ಭಾರಿ ಮೀನುಗಳನ್ನು ಹಿಡಿದು ತೋರಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ, ಕೊಡಗು ವನ್ಯಜೀವಿ ಸಂಘ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಇವು ನದಿಯ ಭಾಗಗಳನ್ನು ಕಾಯತೊಡಗಿದವು. ಕಾವೇರಿಯ ದಡದ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಹರಿಗೋಲಿನ ಮೇಲೆ ಕುಳಿತು, ಬೇಯಿಸಿ ನಾದಿದ ರಾಗಿಮುದ್ದೆಯನ್ನು ಕೊಕ್ಕೆಗೆ ಸಿಕ್ಕಿಸಿ ಮೀನು ಹಿಡಿಯುವ ಕಲೆಯನ್ನು ಪರದೇಶಿಯರಿಗೆ ಕಲಿಸಿದವರು ನದೀತೀರದ ಹಳ್ಳಿಗರು; ಹಿಂದೆ ಕಳ್ಳಬೇಟೆಯಲ್ಲಿ ತೊಡಗಿದ್ದ ಕೆಲವರು ಅಲ್ಲಿ ನದಿಯ ರಕ್ಷಕರಾಗಿ ಪರಿವರ್ತಿತರಾದರು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಕಿವಿರುಗಳು ಚೆನ್ನಾಗಿ ಆಡತೊಡಗಿದ ಮೇಲೆ ಕೈಬಿಡುವುದು ಅಲ್ಲಿಯ ನಿಯಮವಾಗಿತ್ತು.

ಆ ಬರೆದಿಟ್ಟ ಪುಸ್ತಕವೇ ಈ ಇತಿಹಾಸದ ಅತ್ಯಂತ ಮಹತ್ವದ ಪುಟ. ವನ್ಯಜೀವಿ ಕಾನೂನಿನ ಕಾರಣದಿಂದ ಗಾಳದ ಶಿಬಿರಗಳು ಮುಚ್ಚಿದ ಮೇಲೆ, ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ದಾಖಲಿಸಿದ್ದ ಲೆಕ್ಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಾವಲಿದ್ದ ನೀರಿನಲ್ಲಿ ಮೀನಿನ ಸಂಖ್ಯೆ ಹೆಚ್ಚಿತ್ತು. ಆದರೆ ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಅದೇ ಅವಧಿಯಲ್ಲಿ ಕುಸಿಯುತ್ತ ಬಂದಿತ್ತು. ಜಗತ್ಪ್ರಸಿದ್ಧವಾಗಿದ್ದ ಆ ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವು ನಿರ್ಧಾರವಾದದ್ದೇ 2018ರಲ್ಲಿ. ಟಾರ್ ರೆಮದೇವಿಯೈ ಎಂದು ಗುರುತಿಸಲ್ಪಟ್ಟ ಅದನ್ನು ಆ ವರ್ಷವೇ ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಸದುದ್ದೇಶದಿಂದ ಮಾಡಿದ ಮರಿಬಿತ್ತನೆಯೇ ಮೂಲವಂಶಕ್ಕೆ ಕಂಟಕವಾದೀತೆಂಬ ಎಚ್ಚರಿಕೆ ವಿಜ್ಞಾನಕ್ಕೆ ದೊರಕಿದ್ದು, ಸಂತೋಷಕ್ಕಾಗಿ ಮೀನು ಹಿಡಿದವರು ಶ್ರದ್ಧೆಯಿಂದ ಬರೆದಿಟ್ಟ ಸಾಲುಗಳಿಂದ.

ಈಗ ಮರಳಿ ನಮ್ಮ ಹೊಳೆಗಳಿಗೆ ಬರೋಣ. ಇಲ್ಲಿಯ ಗಾಳಗಾರನ ಸಾಧನ ಸರಳವಾದದ್ದು: ಸಪೂರವಾದ ಬಿದಿರಿನ ಕೋಲು, ಒಂದಷ್ಟು ನೂಲು, ಕೊಕ್ಕೆ, ತೆಂಗಿನ ಗೆರಟೆಯಲ್ಲಿ ಒದ್ದೆಮಣ್ಣಿನೊಡನೆ ತಂದ ಎರೆಹುಳು. ಮುಗುಡಿಗೆ ಸಂಜೆಯ ಕಲಕುನೀರು, ಬಾಳೆಮೀನಿಗೆ ಆಳದ ಮಡು, ಹಣ್ಣು ತಿನ್ನುವ ಮೀನಿಗೆ ಹೊಳೆಗೆ ಬಾಗಿದ ಅತ್ತಿಯ ಮರದ ನೆರಳು ಎಂಬಷ್ಟನ್ನು ಇಲ್ಲಿಯ ಹುಡುಗನೂ ಬಲ್ಲನು. ಹಿಡಿಯಬಾರದ ಸ್ಥಳದ ತಿಳಿವಳಿಕೆಯೂ ಅದೇ ಪರಂಪರೆಯ ಭಾಗ. ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿಯೂ ಸುಳ್ಯ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯದ ಬಳಿಯಲ್ಲಿಯೂ ಯಾತ್ರಿಕರು ಅರಳು ಚೆಲ್ಲಿದಲ್ಲಿ ಮೀನುಗಳು ನಿರ್ಭಯವಾಗಿ ಗುಂಪುಗೂಡುತ್ತವೆ. ಯಾವ ಗಾಳಗಾರನೂ ಅಲ್ಲಿ ಕೊಕ್ಕೆ ಇಳಿಸುವುದಿಲ್ಲ. ಥಾಮಸರ ವರದಿಗೂ ಕಾಯಿದೆಗೂ ಮೊದಲೇ ನಂಬಿಕೆಯು ನದಿಯ ಕೆಲವು ಮಡುಗಳನ್ನು ಅಭಯಧಾಮಗಳನ್ನಾಗಿ ಮಾಡಿತ್ತು.

ಆದರೆ ನಂಬಿಕೆಯೊಂದೇ ಸಾಲದು. ನೆರೆಯ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವರ ಮೀನುಗಳನ್ನು 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಕೊಂದರು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೊಂದು ನಿಂತಿದೆ. ಕಾಕಮಾರಿಯ ಬೀಜದಿಂದ ನೀರನ್ನು ನಂಜಾಗಿಸುವ ಹಳೆಯ ಚಾಳಿಯ ಜಾಗಕ್ಕೆ ರಾಸಾಯನಿಕಗಳು ಬಂದಿವೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಮೀನನ್ನು ರಾತ್ರಿ ದೀಪ ಹಿಡಿದು ಕತ್ತಿಯಿಂದ ಕಡಿಯುವ ಉಬರಿನ ಬೇಟೆಯನ್ನು ನಮ್ಮವರು ಹಬ್ಬವೆಂದೇ ಎಣಿಸುತ್ತಾರೆ. ಆದರೆ ಏರಿ ಬರುವ ಆ ಮೀನಿನ ಹೊಟ್ಟೆಯಲ್ಲಿ ಇರುವುದು ಮುಂದಿನ ವರ್ಷದ ಸಂತತಿಯೆಂಬುದನ್ನು ಒಂದು ಕ್ಷಣ ಆಲೋಚಿಸಿದವನ ಕೈ ಹಿಂಜರಿಯಲೇಬೇಕು. ಅಲ್ಲದೆ 2018ರ ಆಗಸ್ಟಿನಲ್ಲಿ ಜೋಡುಪಾಲದ ಭೂಕುಸಿತವು ಪಯಸ್ವಿನಿಗೆ ತಂದ ಕೆಸರು, ಬೇಸಗೆಯಲ್ಲಿ ಹರಿವನ್ನು ತಡೆಯುವ ಕಟ್ಟಗಳು, ಅಗೆದು ಸಾಗಿಸಲ್ಪಡುವ ಮರಳು ಇವುಗಳಿಂದ ಮೀನಿನ ಆಶ್ರಯವಾದ ಗುಂಡಿಗಳ ಸ್ವರೂಪವೇ ಬದಲಾಗುತ್ತಿದೆ.

ಕನ್ನಡದಲ್ಲಿ ಗಾಳದ ಅನುಭವಕ್ಕೆ ಸಾಹಿತ್ಯದ ಘನತೆಯನ್ನು ತಂದವರು ಘಟ್ಟದ ಮೇಲಿನ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು. ಸ್ವತಃ ನುರಿತ ಗಾಳಗಾರರಾಗಿದ್ದ ಅವರು ಮೀನು ಹಿಡಿಯುವವನ ಏಕಾಗ್ರತೆಯಿಂದಲೇ ಪ್ರಕೃತಿಯನ್ನು ನೋಡುವುದನ್ನು ಒಂದು ತಲೆಮಾರಿಗೆ ಕಲಿಸಿದರು. ಘಟ್ಟದ ಕೆಳಗೆ, ಪುತ್ತೂರಿನ ಬಾಲವನದಲ್ಲಿ ಕುಳಿತು ಶಿವರಾಮ ಕಾರಂತರು ಲೋಕದ ವಿಜ್ಞಾನವನ್ನೆಲ್ಲ ಕನ್ನಡಕ್ಕೆ ಇಳಿಸಿದರು. ಇಂಥ ಇಬ್ಬರು ಬಾಳಿದ ನಾಡಿನಲ್ಲಿ ಕುಮಾರಧಾರೆ, ಪಯಸ್ವಿನಿಗಳ ಮೀನುಗಳನ್ನೂ ಅವುಗಳನ್ನು ಬಲ್ಲವರ ಅನುಭವವನ್ನೂ ಕನ್ನಡದಲ್ಲಿ ಸಂಗ್ರಹಿಸುವುದು ನಮಗೆ ಅಸಾಧ್ಯವಾದ ಕಾರ್ಯವಲ್ಲ.

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯ ಇಷ್ಟೇ: ಗಾಳದವರ ಅನುಭವವು ಹೇಳಿಕೊಂಡಷ್ಟು ಕಾಲ ವಿದ್ಯೆಯಾಗಿ ಬಾಳಿತು, ಬರೆದಿಟ್ಟ ಕಡೆಯಲ್ಲಿ ಮೀನಿನ ರಕ್ಷಣೆಗೂ ಒದಗಿತು. ಆದಕಾರಣ ಉಪ್ಪಿನಂಗಡಿಯಿಂದ ಸಂಪಾಜೆಯವರೆಗಿನ ದಡದ ಬಂಧುಗಳಲ್ಲಿ ನನ್ನ ವಿನಂತಿ ಎರಡು. ಮಳೆಗಾಲದ ಆರಂಭದಲ್ಲಿ, ಮೊಟ್ಟೆ ಹೊತ್ತ ಮೀನು ಮೇಲೇರುವ ದಿನಗಳಲ್ಲಿ, ಗಾಳವನ್ನೂ ಕತ್ತಿಯನ್ನೂ ಮನೆಯಲ್ಲಿಯೇ ಇಡಿರಿ. ಉಳಿದ ದಿನಗಳಲ್ಲಿ ಹೊಳೆಗೆ ಹೋದಾಗ ಯಾವ ಮೀನು, ಯಾವ ಗುಂಡಿ, ಯಾವ ತಿಂಗಳು, ಎಷ್ಟು ಉದ್ದ ಎಂಬ ನಾಲ್ಕು ಮಾತನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಮನೆಯ ಹಿರಿಯರು ಹೇಳುವ ಹಳೆಯ ಕಾಲದ ಮೀನುಗಳ ಹೆಸರುಗಳನ್ನೂ ಅದರಲ್ಲಿಯೇ ಸೇರಿಸಿರಿ.